ಸೂಲಾನ್ ಬಿಟ್ಟ ವಿಮಾನಗಳು

ಚೆಂಗ್ಡುವಿನ ಕಲ್ಲುಕರುವಿನ ಓಣಿಗೆ ಪಾಂಗ್ ಸೂಲಾನ್ ಬಂದಳೆಂಬುದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಿವಿಗೆ, ಕಟ್ಟಕಡೆಗೆ ಕಣ್ಣಿಗೆ. ಮಧ್ಯಾಹ್ನದ ಊಟದ ಗದ್ದಲ ಇಳಿದು, ಅಡುಗೆಯವರು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಸಿಗರೇಟು ಹಚ್ಚುವ ಹೊತ್ತಿಗೆ, ಹಳೆ ಎಣ್ಣೆಯ ವಾಸನೆಯನ್ನು ಮುಂದೆ ಕಳಿಸಿ, ಹಿಂದಿನಿಂದ ಅವಳ ಬ್ಯಾಟರಿ ಗಾಡಿ ಮೂರು ಗಾಲಿಯ ಮೇಲೆ ನೀಲಿ ಡ್ರಮ್ಮುಗಳನ್ನು ಕುಣಿಸುತ್ತ ಬರುತ್ತಿತ್ತು. ಅದರ ಮೇಲೆ ಮೊಣಕೈವರೆಗೆ ರಬ್ಬರ್ ಕೈಗವಸು ತೊಟ್ಟ, ಗುಂಡು ಮುಖದ, ಐವತ್ತು ದಾಟಿದ ಹೆಂಗಸು. ಗಾಡಿ ನಿಲ್ಲುವ ಮೊದಲೇ ಅವಳ ಮಾತು ಅರ್ಧ ಮುಗಿದಿರುತ್ತಿತ್ತು.

ಓಣಿಯ ತುಂಬ ಬೆಂಕಿಗಡಿಗೆಯ ಹೋಟೆಲುಗಳು. ಮೇಜಿನ ನಡುವೆ ಕೊತಕೊತ ಕುದಿಯುವ ಗಡಿಗೆ, ಅದರ ಮೇಲೆ ಎರಡು ಬೆರಳು ದಪ್ಪ ತೇಲುವ ಕೆಂಪು ಕೊಬ್ಬು, ಮೆಣಸಿನಕಾಯಿ, ನಾಲಿಗೆ ಜುಮ್ಮೆನ್ನಿಸುವ ಕಾಳು. ಗಿರಾಕಿಗಳು ಬೆವರು ಒರೆಸಿಕೊಂಡು ಎದ್ದು ಹೋದ ಮೇಲೆ ಗಡಿಗೆಯಲ್ಲಿ ಉಳಿದದ್ದನ್ನು ಹಿತ್ತಲ ತೊಟ್ಟಿಗೆ ಸುರಿಯುತ್ತಾರೆ. ನೀರು ಕೆಳಗಿಳಿಯುತ್ತದೆ, ಎಣ್ಣೆ ಮೇಲೆ ನಿಲ್ಲುತ್ತದೆ. ಆ ಎಣ್ಣೆಯನ್ನು ಒಯ್ದು ಕಾರ್ಖಾನೆಗೆ ಮುಟ್ಟಿಸುವುದು ಸೂಲಾನಳ ಹೊಟ್ಟೆಪಾಡು.

ಅವಳು ಹುಟ್ಟಿದ್ದು ನೆಯ್‌ಜಿಯಾಂಗ್ ಕಡೆಯ ಕಬ್ಬಿನ ಹಳ್ಳಿಯಲ್ಲಿ. ಎಂಟು ವರ್ಷದವಳಿದ್ದಾಗ, ಆಚೆ ದಡಕ್ಕೆ ಆನೆ ಇರುವ ಸರ್ಕಸ್ಸು ಬರುತ್ತದಂತೆ ಎಂದು ಒಂದು ಬೆಳಿಗ್ಗೆ ಹೇಳಿದಳು. ಸಂಜೆಯವರೆಗೆ ಇಡೀ ಹಳ್ಳಿ ನದಿಯ ದಡದಲ್ಲಿ ಮಣೆ ಹಾಕಿಕೊಂಡು ಕೂತಿತ್ತು. ಆನೆಯೂ ಬರಲಿಲ್ಲ, ಸರ್ಕಸ್ಸೂ ಬರಲಿಲ್ಲ. ಅಮ್ಮ ಪೊರಕೆ ತಗೊಂಡು ಬಾರಿಸಿದಾಗ ಅವಳು ಅಳುತ್ತಲೇ, “ಎಲ್ರೂ ಒಂದಿನ ಪೂರ್ತಿ ಖುಷಿಯಾಗಿದ್ರಲ್ಲ, ಅದನ್ನ ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯಲ್ಲ?” ಎಂದು ಕೇಳಿದಳಂತೆ. ಅಮ್ಮ ಪೊರಕೆಯಿಂದಲೇ ಇನ್ನೆರಡು ಬಿಟ್ಟಳು.

ಮದುವೆಯಾದದ್ದೂ ಹೀಗೆಯೇ. ಚೆಂಗ್ಡುವಿಗೆ ಬಂದು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಎದುರಿನ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಲೈ ಹೌಶೆಂಗ್ ಎಂಬ ಮಾತು ಕಡಿಮೆಯ ಹುಡುಗ ಮೆಚ್ಚುಗೆಯಾದ. ಅವನಾಗಿ ಬಾಯಿಬಿಡುವ ಲಕ್ಷಣ ಕಾಣಲಿಲ್ಲ. ಒಂದು ದಿನ ನೇರವಾಗಿ ಹೋಗಿ, “ನನ್ನನ್ನ ಕೇಳ್ಕೊಂಡು ಇಬ್ರು ಬಂದಿದ್ದಾರೆ. ನಿಂದೇನಾದ್ರೂ ಇದ್ರೆ ಈ ವಾರದೊಳಗೆ ಹೇಳು” ಎಂದಳು. ಅವನು ಪಂಪು ಕೆಳಗಿಟ್ಟು ಅಲ್ಲೇ ಹೇಳಿದ. ಮದುವೆಯಾಗಿ ತಿಂಗಳಾದ ಮೇಲೆ, ಆ ಇಬ್ಬರು ಯಾರು ಎಂದು ಮೆಲ್ಲಗೆ ಕೇಳಿದ.

“ಒಬ್ಬ ನಮ್ಮೂರ ಅಂಚೆಯವನು. ಇನ್ನೊಬ್ಬ ನೀನೇ.”

“ಅಂಚೆಯವನಿಗೆ ಅರವತ್ತಾಗಿತ್ತು ಅಂತ ನೀನೇ ಅಂದಿದ್ದೆ.”

“ಅರವತ್ತಾದ್ರೆ ಕೇಳೋಕೆ ಬರಬಾರ್ದು ಅಂತ ಇದೆಯಾ?”

ಹೆಂಡತಿಗೆ ಎದುರಾಡದ ಗಂಡನನ್ನು ಚೆಂಗ್ಡುವಿನಲ್ಲಿ ಮೆತ್ತಗಿವಿಯವನು ಅನ್ನುತ್ತಾರೆ. ಅದು ಬೈಗುಳವೂ ಹೌದು, ಬಿರುದೂ ಹೌದು. ಹೌಶೆಂಗ್ ಅದನ್ನು ಬಿರುದೆಂದೇ ತಗೊಂಡ. ಅವನಿಗಿದ್ದ ಒಂದೇ ಕುಂದೆಂದರೆ ಎತ್ತರದ ಭಯ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಕಾಲು ನಡುಗುತ್ತಿತ್ತು. ಸೂಲಾನ್ ಅದನ್ನು ಓಣಿಯ ಪ್ರತಿ ಬಾಗಿಲಲ್ಲೂ ನಿಂತು ನಟಿಸಿ ತೋರಿಸುತ್ತಿದ್ದಳು.

ಎಣ್ಣೆಯ ಕೆಲಸಕ್ಕಿಳಿದಾಗ ಮೊದಮೊದಲು ಮರ್ಯಾದೆ ಇರಲಿಲ್ಲ. ಹಿಂದೆ ಕೆಲವರು ಇಂಥ ಎಣ್ಣೆಯನ್ನು ಕಾಯಿಸಿ ಸೋಸಿ ಮತ್ತೆ ಬಾಣಲೆಗೇ ಮಾರಿದ್ದರು. ಆ ಕೆಟ್ಟ ಹೆಸರು ಎಣ್ಣೆಗಾಡಿಯವರ ಬೆನ್ನು ಬಿಟ್ಟಿರಲಿಲ್ಲ. ಓಣಿಯ ದೊಡ್ಡ ಹೋಟೆಲಿನ ಒಡತಿ ಮಿಯಾವೋ ಫೆಂಗ್‌ಶಿಯಾನ್, ಚಿನ್ನದ ಹಲ್ಲಿನ, ಗಟ್ಟಿ ಗಂಟಲಿನ ಹೆಂಗಸು, ಮೊದಲ ದಿನವೇ ಸೊಂಟಕ್ಕೆ ಕೈಕೊಟ್ಟು ನಿಂತಳು.

“ನಮ್ಮೆಣ್ಣೆ ತಗೊಂಡೋಗಿ ಯಾರ ಬಾಣಲೆಗೆ ಸುರೀತೀಯ?”

“ಬಾಣಲೆಗಲ್ಲ ಯಜಮಾನಿ, ವಿಮಾನಕ್ಕೆ.”

ಇದು ಅಪ್ಪಟ ಸತ್ಯ. ಕಾರ್ಖಾನೆಯವರು ಆ ಎಣ್ಣೆಯಿಂದ ವಿಮಾನದ ಇಂಧನ ತೆಗೆಯುವ ದಾರಿಯನ್ನು ವರ್ಷಗಟ್ಟಲೆ ಹುಡುಕಿ, ಒಂದು ಹದಕ್ಕೆ ತಂದಿದ್ದರು. ಆದರೆ ಅಡುಗೆಮನೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ರೈಲು ಬಿಡೋರನ್ನ ಕಂಡಿದ್ವಿ. ಇವಳು ವಿಮಾನಾನೇ ಬಿಡ್ತಾಳೆ” ಎಂದಳು ಮಿಯಾವೋ.

ಬದುಕಿನಲ್ಲಿ ಅಪರೂಪಕ್ಕೆ ನಿಜ ಹೇಳಿದ್ದಕ್ಕೆ ಹೀಗಾಯಿತಲ್ಲ ಎಂದು ಸೂಲಾನಳಿಗೆ ಬೇಜಾರಾಯಿತು. ಮಾರನೆಯ ದಿನ ಬಂದವಳು ತೊಟ್ಟಿಯ ಮುಂದೆ ಬಗ್ಗಿ, ಯಾರ ಮುಖವನ್ನೂ ನೋಡದೆ, “ನಿನ್ನೆ ನಿಮ್ಮೆಣ್ಣೆ ಬೀಜಿಂಗಿಗೆ ಹೋಯ್ತು ಯಜಮಾನಿ. ದಾರೀಲಿ ಒಂಚೂರೂ ಕುಲುಕಲಿಲ್ಲವಂತೆ” ಎಂದಳು.

ಮಿಯಾವೋ ಸೊಂಟದ ಮೇಲಿನ ಕೈ ಇಳಿಸಿದಳು. “ಬೀಜಿಂಗಿಗಾ?” ಎಂದಳು. ಸಂಜೆಯೊಳಗೆ ಗಿರಾಕಿಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಬರೀ ವಿಮಾನವೆಂದರೆ ನಂಬದವಳು ಬೀಜಿಂಗೆಂದಾಗ ನಂಬಿದ್ದಳು. ಸೂಲಾನಳಿಗೆ ಹಿಡಿತ ಸಿಕ್ಕಿತು.

ಮಿಯಾವೋಳ ಹೋಟೆಲಿಗೆ ನೇರ ಎದುರು ಟಾನ್ ಬೈಚುವಾನನ ಹೋಟೆಲು. ಟಾನ್ ಮೊದಲು ಮಿಯಾವೋಳ ಬಳಿಯೇ ಮುಖ್ಯ ಅಡುಗೆಯವನಾಗಿದ್ದ. ಯಾವುದೋ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಿರಾಕಿಗಳ ಮುಂದೆ ಅವಳೊಂದು ಮಾತು ಅಂದಳು, ಅವನು ಸೌಟು ಎಸೆದು ಹೊರಟ, ರಸ್ತೆ ದಾಟಿ ಎದುರಿಗೇ ಅಂಗಡಿ ತೆರೆದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳುವುದಿದ್ದರೆ ಸೂಲಾನಳ ಕೈಯಲ್ಲಿ ಹೇಳಿಕಳಿಸಬೇಕು. ಸೂಲಾನ್ ಅದನ್ನು ತನಗೆ ತೋಚಿದಂತೆ ಒಗ್ಗರಣೆ ಹಾಕಿ ಬಡಿಸಬೇಕು.

“ಆ ಮುದುಕಪ್ಪನ ಚಿಮಣಿ ಹೊಗೆ ನನ್ನ ಗಿರಾಕಿಗಳ ಮುಖಕ್ಕೆ ಹೊಡೀತಿದೆ ಅಂತ ಹೇಳು” ಎನ್ನುವಳು ಮಿಯಾವೋ.

ಸೂಲಾನ್ ರಸ್ತೆ ದಾಟಿ, “ಟಾನ್ ಅಣ್ಣ, ನಿಮ್ಮ ಚಿಮಣಿ ಘಮಕ್ಕೆ ಜನ ಓಡಿ ಬಂದು ಅವರ ಅಂಗಡೀಲಿ ಕೂರ್ತಿದ್ದಾರಂತೆ. ತುಂಬ ಉಪಕಾರ ಆಯ್ತು ಅಂದ್ರು” ಎನ್ನುವಳು.

ಟಾನ್ ಹಲ್ಲು ಕಡಿದು ಅಂದೇ ಚಿಮಣಿಯ ಬಾಯಿ ತಿರುಗಿಸಿದ. ಮಿಯಾವೋಗೆ ಬೇಕಿದ್ದುದೂ ಅದೇ. ಕೆಲಸವಾಯಿತು, ನಡುವೆ ಸೂಲಾನಳಿಗೆ ತಮಾಷೆಯೂ ಸಿಕ್ಕಿತು.

ಬೀಜಿಂಗಿನ ಸುದ್ದಿ ರಸ್ತೆ ದಾಟಲು ಹೊತ್ತು ಬೇಕಾಗಲಿಲ್ಲ. ಟಾನ್ ಡ್ರಮ್ಮಿಗೆ ಅಡ್ಡ ನಿಂತ.

“ನನ್ನೆಣ್ಣೆ ಎಲ್ಲಿಗೆ ಹೋಗುತ್ತೆ?”

“ಕುನ್ಮಿಂಗಿಗೆ.”

“ಅಷ್ಟೇ ದೂರನಾ?”

“ನಿಮ್ಮ ಹುಡುಗರು ನೀರು ಬಿಟ್ಟು ಎಣ್ಣೆ ತೆಗೆಯಲ್ಲ ಅಣ್ಣ. ತೊಟ್ಟಿ ತಳ ಬಳಿದು ಸುರೀತಾರೆ. ನೀರು ಹಾಕಿದ್ರೆ ವಿಮಾನ ಎಷ್ಟು ದೂರ ಹೋದೀತು?”

ಅಂದಿನಿಂದ ಟಾನನ ಹಿತ್ತಲಲ್ಲಿ ಎಣ್ಣೆಯನ್ನು ಎರಡು ಸಲ ಸೋಸತೊಡಗಿದರು. ವಾರದಲ್ಲಿ ಸೂಲಾನ್ ಅವನನ್ನು ಶಾಂಘೈಗೆ ಏರಿಸಿದಳು. ಅದನ್ನು ಕೇಳಿ ಮಿಯಾವೋ ಹೊಸ ಜರಡಿ ತಂದಳು. ಅವಳಿಗೆ ಪ್ಯಾರಿಸ್ ಸಿಕ್ಕಿತು. ಟಾನ್ ಮುಖ ಊದಿಸಿಕೊಂಡು ಬಟ್ಟೆಯಲ್ಲೂ ಸೋಸಿಸಿದ, ಅವನಿಗೆ ಲಂಡನ್. ಇಬ್ಬರೂ ಬಾಗಿಲ ಮೇಲೆ ಕೆಂಪು ಬೋರ್ಡು ಹಾಕಿಸಿದರು. ‘ನಮ್ಮ ಎಣ್ಣೆ ಪ್ಯಾರಿಸಿಗೆ ಹಾರಿದೆ, ನೀವು ಒಳಗಾದರೂ ಬನ್ನಿ’ ಎಂದು ಈ ಕಡೆ. ‘ಲಂಡನ್ನಿಗೆ ಹಾರಿದ ಸಾರು ಇಲ್ಲೇ’ ಎಂದು ಆ ಕಡೆ.

ಓಣಿಯ ಉಳಿದವರಿಗೂ ಆಸೆ ಹತ್ತಿತು. ಕಡ್ಡಿಗೆ ಮಾಂಸ ಚುಚ್ಚಿ ಕರಿಯುವವನಿಗೆ ಲಾಸಾ ಕೊಟ್ಟಳು, ಎತ್ತರದ ಊರಿಗೆ ಗಟ್ಟಿ ಎಣ್ಣೆಯೇ ಬೇಕೆಂದು ಒಂದು ಕಾರಣವನ್ನೂ ಸೇರಿಸಿ. ಸಂಕಟವೆಲ್ಲ ವೆಯ್ ತಾತನದು. ಓಣಿಯ ತುದಿಯಲ್ಲಿ ಬೆಳಗಿನ ಹೊತ್ತು ಹಿಟ್ಟಿನ ಕೋಲು ಕರಿದು ಮಾರುವ ಬಡಕಲು ಮುದುಕ. ಅವನ ಎಣ್ಣೆ ಕಪ್ಪಗೆ ಕೀಲೆಣ್ಣೆಯಂತಿರುತ್ತಿತ್ತು.

“ಮಿಯಾನ್‌ಯಾಂಗ್” ಎಂದಳು ಸೂಲಾನ್.

“ಮಿಯಾನ್‌ಯಾಂಗಿಗೆ ನಾನು ಬಸ್ಸಲ್ಲೇ ಹೋಗ್ತೀನಲ್ಲಮ್ಮ.”

“ನಿಮ್ಮೆಣ್ಣೇನೂ ಹೆಚ್ಚು ಕಡಿಮೆ ಬಸ್ಸಲ್ಲೇ ಹೋಗೋದು ತಾತ. ಬೇಗ ಬೇಗ ಬದಲಾಯಿಸಿ.”

ಮುದುಕ ಬೇಗ ಬೇಗ ಬದಲಾಯಿಸಿದ. ಅವನ ಹಿಟ್ಟಿನ ಕೋಲು ರುಚಿಯಾಯಿತು, ಗಿರಾಕಿಗಳು ಹೆಚ್ಚಿದರು. ಆದರೂ ಸೂಲಾನ್ ಕೀಟಲೆಗೆಂದು ಅವನನ್ನು ನೆರೆಯ ಚೊಂಗ್‌ಚಿಂಗ್‌ನಿಂದಾಚೆ ಬಿಡಲಿಲ್ಲ.

ಹೀಗೆ ಎಲ್ಲವೂ ಆರಾಮಾಗಿ ಹಾರಾಡಿಕೊಂಡಿದ್ದಾಗ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಇಂಜಿನಿಯರಮ್ಮ ಬಂದಳು. ಜೀ ವಾನ್‌ಚಿಂಗ್ ಎಂದು ಹೆಸರು. ಈ ಇಂಧನದ ಹಿಂದೆ ಬಿದ್ದು ತಲೆಗೂದಲು ಅರ್ಧ ನರೆಸಿಕೊಂಡವಳು. ಸೂಲಾನಳ ಗಾಡಿಯ ಜಾಡು ಹಿಡಿದು ಹಿಂದೆಯೇ ಬಂದಿದ್ದಳು.

“ಗೇಟಲ್ಲಿ ಪ್ರತಿ ಗಾಡಿಯ ಎಣ್ಣೇನೂ ಪರೀಕ್ಷೆ ಮಾಡ್ತೀವಿ. ನಿಮ್ಮ ಗಾಡೀಲಿ ಮಾತ್ರ ನೀರಿಲ್ಲ, ಕಸ ಇಲ್ಲ. ಈ ಓಣಿಯವರು ಏನು ಮಾಡ್ತಾರೆ ನೋಡಿ, ಬೇರೆಯವರಿಗೂ ಹೇಳ್ಕೊಡೋಣ ಅಂತ” ಎಂದು ಹೇಳುತ್ತ ತಲೆ ಎತ್ತಿದವಳು ಬೋರ್ಡು ಓದಿದಳು. ತಿರುಗಿ ಇನ್ನೊಂದನ್ನೂ ಓದಿದಳು. “ಇದನ್ನ ಯಾರು ಹೇಳಿದ್ದು?”

ಸೂಲಾನ್ ಆ ಕಡೆಯಿಂದ ಕಣ್ಣು ಮಿಟುಕಿಸಿದಳು. ಇಂಜಿನಿಯರಮ್ಮನಿಗೆ ಸನ್ನೆಯ ಮಾತು ಬರುತ್ತಿರಲಿಲ್ಲ. “ನಿಮ್ಮ ಕಣ್ಣಿಗೆ ಏನಾಯ್ತು?” ಎಂದು ಕಾಳಜಿಯಿಂದ ಕೇಳಿದಳು.

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಟಾನ್ ಒಂದು ಬಾಗಿಲಿನಿಂದ, ಮಿಯಾವೋ ಇನ್ನೊಂದರಿಂದ, ವೆಯ್ ತಾತ ಹಿಟ್ಟಿನ ಕೈಯಲ್ಲೇ. ಇಂಧನ ತೋರಿಸಿ ಅಂದರು. ಇಂಜಿನಿಯರಮ್ಮ ಕೈಚೀಲದಿಂದ ಪುಟ್ಟ ಗಾಜಿನ ಸೀಸೆ ತೆಗೆದಳು. ಒಳಗಿದ್ದುದು ಮಳೆನೀರಿನಷ್ಟು ತಿಳಿ. ಟಾನ್ ಮೂಗಿನ ಹತ್ತಿರ ಹಿಡಿದು ಎಳೆದ.

“ಸೀಮೆಎಣ್ಣೆ ವಾಸನೆ. ಮೆಣಸಿನಕಾಯಿ ಎಲ್ಲಿ ಹೋಯ್ತು?”

“ಅದೆಲ್ಲ ತೆಗೀತೀವಿ. ಮೊದಲು ಕಸ, ನೀರು. ಆಮೇಲೆ ಹೈಡ್ರೋಜನ್ ಅನಿಲದ ಜೊತೆ ಜೋರು ಒತ್ತಡದಲ್ಲಿ ಕಾಯಿಸ್ತೀವಿ. ಎಣ್ಣೆ ಅನ್ನೋದರ ಗುಣಾನೇ ಬದಲಾಗುತ್ತೆ.”

“ನನ್ನ ಮಸಾಲೆಗೆ ಹದಿನೆಂಟು ಸಾಮಾನು ಹಾಕ್ತೀನಿ.”

“ಒಂದೂ ಉಳಿಯಲ್ಲ” ಎಂದಳು ಇಂಜಿನಿಯರಮ್ಮ. ಟಾನನ ಮುಖ ಬಾಡಿತು. ಮಿಯಾವೋ ಸಣ್ಣಗೆ ನಕ್ಕು, “ಮೇಡಂ, ಪ್ಯಾರಿಸಿಗೆ ಹೋದದ್ದು ನಂದು ತಾನೇ? ಇಲ್ಲೇ ಎಲ್ರ ಮುಂದೆ ಹೇಳ್ಬಿಡಿ” ಎಂದಳು.

ಸೂಲಾನ್ ಮತ್ತೆ ಮಿಟುಕಿಸಿದಳು, ಈ ಸಲ ಎರಡೂ ಕಣ್ಣು. ಪ್ರಯೋಜನವಾಗಲಿಲ್ಲ.

“ನಿಮ್ಮದು, ಅವರದು ಅಂತ ಇರಲ್ಲ. ಎಲ್ಲ ಗಾಡಿ ಎಣ್ಣೇನೂ ಒಂದೇ ದೊಡ್ಡ ತೊಟ್ಟಿಗೆ ಬೀಳೋದು. ಯಾವುದು ಎಲ್ಲಿಗೆ ಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.”

ಓಣಿಯವರೆಲ್ಲ ತಲೆ ಎತ್ತಿ ಬೋರ್ಡುಗಳನ್ನು ನೋಡಿದರು. ವೆಯ್ ತಾತ ಒಬ್ಬನೇ ಮುಂದೆ ಬಂದ. “ಅಂದ್ರೆ ಅಮ್ಮ, ಪ್ಯಾರಿಸಿಗೆ ಒಂದು ತೊಟ್ಟು ಹೋಗಿದ್ರೂ ಅದರಲ್ಲಿ ನಂದೂ ಇರುತ್ತಾ?”

“ಹೋಗಿದ್ರೆ, ಇರುತ್ತೆ.”

ಮುದುಕ ತನ್ನ ಅಂಗಡಿಗೆ ಹಿಂತಿರುಗಿದ. ನಡಿಗೆಯೇ ಬದಲಾಗಿತ್ತು. ಮರುದಿನ ಬೆಳಿಗ್ಗೆ ಬಂದವರಿಗೆಲ್ಲ ಒಂದೊಂದು ಹಿಟ್ಟಿನ ಕೋಲು ಹೆಚ್ಚಾಗಿ ಕೊಟ್ಟನಂತೆ.

ಇತ್ತ ಮಿಯಾವೋ ನಡುರಸ್ತೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಟಾನನ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

“ನಾನು ಚಿಮಣಿ ಬಗ್ಗೆ ಏನಂದೆ ಅಂತ ಹೇಳಿದ್ಲು ಇವಳು?”

“ಉಪಕಾರ ಆಯ್ತು ಅಂದ್ರಂತೆ.”

“ನಾನಾ? ಹೊಗೆ ಮುಖಕ್ಕೆ ಹೊಡೀತಿದೆ ಅಂದಿದ್ದೆ. ಮತ್ತೆ ನೀವು, ನನ್ನ ಹೊಸ ಅಡುಗೆಯವನಿಗೆ ಸೌಟು ಹಿಡಿಯೋಕೆ ಕಲಿಸಿಕೊಡ್ತೀನಿ ಅಂದ್ರಂತೆ?”

“ನಾನು ಅವನ ಕೈರುಚಿ ಪರವಾಗಿಲ್ಲ ಅಂದಿದ್ದೆ.” ಟಾನ್ ದನಿ ತಗ್ಗಿಸಿ, “ನೀವು ಕಾಯಿಲೆ ಬಿದ್ದು ಮಲಗಿದ್ದಾಗ ಕಳಿಸಿದ ಬಾತುಕೋಳಿ ಸಾರಾದ್ರೂ ಮುಟ್ತೋ ಇಲ್ವೋ?” ಎಂದ.

ಮಿಯಾವೋ ಸೂಲಾನಳ ಕಡೆ ಬೆರಳು ತೋರಿದಳು. “ಅದು ವೆಯ್ ತಾತನದು ಅಂದಿದ್ಲಲ್ಲ. ಒಂದು ವರ್ಷ ಆ ಮುದುಕನಿಗೆ ಪುಕ್ಕಟೆ ಊಟ ಹಾಕಿದ್ದೀನಿ.”

“ನನ್ನ ಹೆಸರು ಹೇಳ್ಬೇಡ ಅಂತ ನೀವೇ ಅಂದಿದ್ರಿ ಅಣ್ಣ” ಎಂದಳು ಸೂಲಾನ್ ಗಾಡಿಯ ಹಿಂದಿನಿಂದ. “ಯಾರದಾದ್ರೂ ಹೆಸರು ಹೇಳಲೇಬೇಕಿತ್ತು. ತಾತ ಸಣ್ಣಗಾಗಿದ್ರು.”

ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು. ನಾಳೆಯಿಂದ ಈ ಓಣಿಗೆ ಕಾಲಿಡಬೇಡವೆಂದು ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು. ಸೂಲಾನ್ ಗಾಡಿ ತಿರುಗಿಸಿದಳು. ಮನೆಗೆ ಹೋಗಿ ಗಂಡನ ಮುಂದೆ ನಡೆದದ್ದೆಲ್ಲ ಹೇಳಿ, ನಕ್ಕಳು. ಆಮೇಲೆ ಅಕ್ಕಿ ತೊಳೆಯುತ್ತ ಮೂಗು ಸೊರಗುಟ್ಟಿಸಿದ್ದನ್ನು ಅವನು ಕೇಳಿಸಿಕೊಳ್ಳದವನಂತೆ ಇದ್ದ.

ಬೇರೆ ಎಣ್ಣೆಗಾಡಿ ಗೊತ್ತುಮಾಡಲು ಮಿಯಾವೋ ಮತ್ತು ಟಾನ್ ಒಂದು ಮೇಜಿಗೆ ಕೂರಬೇಕಾಯಿತು. ಒಮ್ಮೆ ಕೂತವರು ಇನ್ನೊಮ್ಮೆ ಕೂತರು. ಮೂರನೆಯ ಸಲಕ್ಕೆ ಮಾಜಾಂಗ್ ಕಾಯಿಗಳು ಮೇಜಿಗೆ ಬಂದವು. ಆಟಕ್ಕೆ ನಾಲ್ವರು ಬೇಕಲ್ಲ. ವೆಯ್ ತಾತ ಸೇರಿದ, ನಾಲ್ಕನೆಯವನಾಗಿ ಹೌಶೆಂಗನನ್ನು ಕರೆದರು. ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಅವನು ಮನೆಗೆ ಬಂದರೆ ಸೂಲಾನ್ ಬಾಗಿಲಲ್ಲೇ ಹಿಡಿಯುತ್ತಿದ್ದಳು.

“ಏನು ಮಾತಾಡಿದ್ರು?”

“ಕಾಯಿ ಆಡಿದ್ವಿ.”

“ಅದು ಗೊತ್ತು. ಮಾತು?”

“ಆಡುವಾಗ ಎಂಥ ಮಾತು.”

“ಮಿಯಾವೋ ನಕ್ಕಳಾ? ಟಾನ್ ಅವಳ ಪಕ್ಕ ಕೂತಿದ್ನಾ ಎದುರಿಗಾ? ಹೇಳೋ.”

ಹೌಶೆಂಗ್ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಇಷ್ಟು ವರ್ಷ ಹೆಂಡತಿಯ ಒಂದು ಮಾತಿಗೂ ಎದುರಾಡದವನು, ಏನನ್ನೂ ಹೇಳದೆಯೇ ಒಬ್ಬರನ್ನು ಎಷ್ಟು ಕಾಡಬಹುದೆಂಬುದನ್ನು ಆಗ ಕಂಡುಕೊಂಡ.

ಓಣಿಗೆ ಬಂದ ಹೊಸ ಗಾಡಿ ದೊಡ್ಡ ಲಾರಿ. ಬರುವುದು, ಪೈಪು ಇಳಿಬಿಡುವುದು, ಹೀರುವುದು, ಹೋಗುವುದು. ಡ್ರೈವರ್ ಇಳಿಯುತ್ತಲೇ ಇರಲಿಲ್ಲ. ಮಧ್ಯಾಹ್ನದ ಸಿಗರೇಟಿನ ಹೊತ್ತು ಸಪ್ಪೆಯಾಯಿತು. ಹಿತ್ತಲ ಹುಡುಗರು ಸೋಸುವುದನ್ನು ಬಿಟ್ಟರು. ಎಲ್ಲಿಗೂ ಹೋಗದ ಎಣ್ಣೆಗೆ ಯಾರು ಕೈ ನೋಯಿಸಿಕೊಳ್ಳುತ್ತಾರೆ? ತಿಂಗಳು ಕಳೆಯುವ ಮೊದಲು ಇಂಜಿನಿಯರಮ್ಮ ಮಿಯಾವೋಗೆ ಫೋನು ಮಾಡಿ, ನಿಮ್ಮ ಓಣಿಯ ಎಣ್ಣೆ ಯಾಕೆ ಕೆಸರಿನಂತೆ ಬರುತ್ತಿದೆ ಎಂದು ಕೇಳಿದಳು. ಕೇಳಿ, ಫೋನು ಇಡುವ ಮುನ್ನ, “ಅವತ್ತು ನಾನು ಸುಮ್ಮನಿರಬೇಕಿತ್ತಾ?” ಎಂದೂ ಕೇಳಿದಳು.

ಟಾನನೇ ಸೂಲಾನಳ ಮನೆಗೆ ಬಂದ. “ನಾಳೆಯಿಂದ ಬಾ. ಆದ್ರೆ ಒಂದು ಷರತ್ತು. ಸುಳ್ಳು ಹೇಳಕೂಡದು.”

“ಆಯ್ತು ಅಣ್ಣ.”

ಅವಳು ಮಾತಿಗೆ ತಪ್ಪಲಿಲ್ಲ. ಬಂದಳು, ಎಣ್ಣೆ ತುಂಬಿಕೊಂಡಳು, ಹೋದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ವೆಯ್ ತಾತನಿಗೆ ತಡೆಯಲಾಗಲಿಲ್ಲ.

“ನಿನ್ನೆ ನನ್ನೆಣ್ಣೆ ಎಲ್ಲಿಗೆ ಹೋಯ್ತಮ್ಮ?”

“ತೊಟ್ಟಿಗೆ.”

“ಸ್ವಲ್ಪ ಮುಂದಕ್ಕೆ ಹೋಗಬಾರ್ದಿತ್ತಾ.”

ಸೂಲಾನ್ ಟಾನನ ಬಾಗಿಲ ಕಡೆ ನೋಡಿದಳು. ಟಾನ್ ಆಕಾಶ ನೋಡುತ್ತಿದ್ದ. ಮಿಯಾವೋ ಹಲ್ಲುಕಡ್ಡಿ ಕಚ್ಚಿಕೊಂಡು, “ಹೇಳೇ, ಮುದುಕರು ಕೇಳ್ತಿದ್ದಾರೆ” ಎಂದಳು.

“ಇಸ್ತಾಂಬುಲ್ಲಿಗೆ” ಎಂದಳು ಸೂಲಾನ್. ಓಣಿಯ ಎದೆ ಹಗುರಾಯಿತು. ಸುಳ್ಳೆಂದು ಈಗ ಎಲ್ಲರಿಗೂ ಗೊತ್ತು. ಆದರೂ ಕೇಳುವವರು ಕಡಿಮೆಯಾಗಲಿಲ್ಲ. ಜರಡಿಗಳು ಮತ್ತೆ ಗೋಡೆಯ ಮೊಳೆಯಿಂದ ಇಳಿದವು.

ಆ ವರ್ಷದ ಶರತ್ಕಾಲದಲ್ಲಿ, ಈ ಇಂಧನವನ್ನು ಬೆರೆಸಿದ ವಿಮಾನವೊಂದು ಚೆಂಗ್ಡುವಿನಿಂದ ಕರಾವಳಿಯ ಶಿಯಾಮೆನ್‌ಗೆ ಹೊರಟಿತು. ಕಾರ್ಖಾನೆಯವರು ಓಣಿಯವರಿಗೆ ಐದು ಸೀಟು ಕೊಟ್ಟರು. ಅವರಲ್ಲಿ ಯಾರೂ ವಿಮಾನ ಹತ್ತಿದವರಲ್ಲ, ಸಮುದ್ರ ಕಂಡವರಲ್ಲ. ಹೌಶೆಂಗನನ್ನು ಹೇಗೆ ಹತ್ತಿಸುವುದೆಂಬುದೇ ಓಣಿಗೆ ಹದಿನೈದು ದಿನದ ಮಾತಾಯಿತು. “ಕಣ್ಣಿಗೆ ಬಟ್ಟೆ ಕಟ್ಟಿ, ಹಸು ಏರಿಸ್ದಂಗೆ ಏರಿಸ್ತೀನಿ” ಎಂದು ಸೂಲಾನ್ ಎಲ್ಲರಿಗೂ ಭರವಸೆ ಕೊಟ್ಟಿದ್ದಳು.

ನಿಲ್ದಾಣದ ತಪಾಸಣೆಯಲ್ಲಿ ಮಿಯಾವೋಳ ಚೀಲ ಹಿಡಿದರು. ಒಳಗೆ ಒಂದು ದೊಡ್ಡ ಬಾಟಲಿ ಕೆಂಪೆಣ್ಣೆ. ಕರಾವಳಿಯ ಊಟ ಸಪ್ಪೆ ಎಂದು ಕೇಳಿ ಕಟ್ಟಿಕೊಂಡಿದ್ದಳು.

“ಎಣ್ಣೆ ಒಳಗೆ ಬಿಡಲ್ಲ ಅಮ್ಮ” ಎಂದಳು ಸಮವಸ್ತ್ರದ ಹುಡುಗಿ.

“ಈ ವಿಮಾನ ಹಾರೋದೇ ನನ್ನೆಣ್ಣೆಯಿಂದ.”

“ಅದು ಟ್ಯಾಂಕಲ್ಲಿ. ಸೀಟಿನ ಹತ್ರ ಬಿಡಲ್ಲ.”

“ವಿಮಾನ ಕುಡೀಬಹುದು, ನಾನು ನೆಂಚ್ಕೋಬಾರ್ದಾ?”

ಹಿಂದೆ ನಿಂತ ಟಾನ್ ಭುಜ ಕುಣಿಸಿ ನಗುತ್ತಿದ್ದ. ಅವನ ಚೀಲ ಯಂತ್ರದಿಂದ ಹೊರಬಂತು. ಅದರಲ್ಲೂ ಒಂದು ಬಾಟಲಿ, ಮಿಯಾವೋಳದಕ್ಕಿಂತ ದೊಡ್ಡದು. ಹುಡುಗಿ ಎರಡನ್ನೂ ಒಂದೇ ಟ್ರೇಯಲ್ಲಿಟ್ಟು ಪಕ್ಕಕ್ಕೆ ಸರಿಸಿದಳು. ಇಬ್ಬರೂ ಸತ್ತವರಿಗೆ ವಂದಿಸುವಂತೆ ಒಂದು ಗಳಿಗೆ ಅದರ ಮುಂದೆ ನಿಂತರು. ಟಾನ್ ಬಗ್ಗಿ ಮಿಯಾವೋಳ ಬಾಟಲಿಯ ಬಣ್ಣ ನೋಡಿ, “ಉಪ್ಪು ಸರಿಯಾಗಿದೆ ಅನ್ಸುತ್ತೆ” ಎಂದ. ಅವಳು ಮೊಣಕೈಯಿಂದ ತಿವಿದು ಮುಂದೆ ನಡೆದಳು.

ಮಿಯಾವೋ, ಟಾನ್, ವೆಯ್ ತಾತ ಮುಂದಿನ ಸಾಲುಗಳಲ್ಲಿ, ಇಂಜಿನಿಯರಮ್ಮನ ಹತ್ತಿರ. ಸೂಲಾನಳಿಗೂ ಹೌಶೆಂಗನಿಗೂ ಬಾಲದ ಕೊನೆಯ ಸಾಲು. ವಿಮಾನ ಓಡತೊಡಗಿತು, ಮೂತಿ ಎತ್ತಿತು, ನೆಲ ಬಿಟ್ಟಿತು. ಸೂಲಾನ್ ಗಂಡನಿಗೆ ಹೇಳಲೆಂದು ಇಟ್ಟುಕೊಂಡಿದ್ದ ತಮಾಷೆಯ ಮಾತುಗಳೆಲ್ಲ ಕೆಳಗೆ ಚೆಂಗ್ಡುವಿನಲ್ಲೇ ಉಳಿದುಬಿಟ್ಟವು. ಅವಳ ಹತ್ತು ಬೆರಳೂ ಹೌಶೆಂಗನ ತೋಳಿನಲ್ಲಿ ನೆಟ್ಟಿದ್ದವು.

ಹೌಶೆಂಗ್ ಕಿಟಕಿಗೆ ಹಣೆ ಒತ್ತಿಕೊಂಡಿದ್ದ. “ನೋಡೇ, ನದಿ. ದಾರದ ಹಾಗಿದೆ.”

“ಮುಚ್ಚು ಕಿಟಕಿ.”

“ಮೋಡದ ಮೇಲೆ ಬಿಸಿಲು ಹೆಂಗೆ ಬಿದ್ದಿದೆ ನೋಡು.”

“ನಿನಗೆ ಸ್ಟೂಲು ಹತ್ತೋಕೆ ಆಗಲ್ವಲ್ಲೋ.”

“ಸ್ಟೂಲಿಗೆ ಮೂರು ಕಾಲು, ಅದೂ ಅಲ್ಲಾಡುತ್ತೆ. ಇದು ಗಟ್ಟಿ ಇದೆ.”

ಆಗ ವಿಮಾನ ಒಮ್ಮೆ ಜೋರಾಗಿ ಕುಲುಕಿತು. ಸೂಲಾನ್ ಕಣ್ಣು ಬಿಗಿಯಾಗಿ ಮುಚ್ಚಿದಳು. ತಾನು ಹೊತ್ತ ಡ್ರಮ್ಮುಗಳು ಒಂದೊಂದಾಗಿ ಕಣ್ಣೊಳಗೆ ಬಂದವು. ಟಾನನ ಹುಡುಗರು ತಳ ಬಳಿದು ಸುರಿದದ್ದು, ವೆಯ್ ತಾತನ ಕೀಲೆಣ್ಣೆ, ಕೊನೆಗೆ ತಾನಿಲ್ಲದ ತಿಂಗಳಲ್ಲಿ ಓಣಿಯವರು ಸೋಸದೆ ಲಾರಿಗೆ ತುಂಬಿ ಕಳಿಸಿದ ಕೆಸರು. ಅದೆಲ್ಲ ಕಾರ್ಖಾನೆಯಲ್ಲಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಹೌಶೆಂಗ್ ಅವಳ ಕಿವಿಯ ಹತ್ತಿರ ಬಗ್ಗಿದ. “ನೀರೇನಾದ್ರೂ ಸೇರಿತ್ತಾ?”

ಮದುವೆಯಾದಾಗಿನಿಂದ ಅವನು ಬಾಯಿಬಿಟ್ಟು ಮಾಡಿದ ಮೊದಲ ಕೀಟಲೆ ಅದು. ಅವಳಿಗೆ ಹೊಡೆಯಬೇಕೆನಿಸಿತು, ಆದರೆ ಅವನ ತೋಳು ಬಿಟ್ಟರೆ ತಾನೇ ಹೊಡೆಯುವುದು.

ಶಿಯಾಮೆನ್‌ನಲ್ಲಿ ಸಮುದ್ರ ಕಂಡರು. ವೆಯ್ ತಾತ ಪ್ಯಾಂಟು ಮಡಿಸಿ ಮೊಣಕಾಲುದ್ದ ನೀರಿಗಿಳಿದ. ಮಿಯಾವೋ ಮೀನಿನ ಉಂಡೆಯ ಸಾರು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಟಾನ್ ಅಡುಗೆಯವನನ್ನು ಕರೆಸಿ ಮೆಣಸಿನಕಾಯಿ ಕೇಳಿದ, ಕೊಟ್ಟದ್ದು ಸಿಹಿಯಾಗಿತ್ತು. ಸೂಲಾನ್ ಮಾತ್ರ ಮರಳಿನ ಮೇಲೆ ಅಂಗೈ ಊರಿ ಬಹಳ ಹೊತ್ತು ಕೂತಿದ್ದಳು. ಮರುದಿನ ಬೆಳಿಗ್ಗೆ, ಹೌಶೆಂಗನಿಗೆ ಮೈ ಸರಿಯಿಲ್ಲ, ನಾವಿಬ್ಬರೂ ರೈಲಿನಲ್ಲಿ ಬರುತ್ತೇವೆ ಎಂದು ಉಳಿದವರಿಗೆ ಹೇಳಿದಳು. ಹೌಶೆಂಗ್ ಅವಳ ಪಕ್ಕದಲ್ಲಿ ಗುಂಡುಕಲ್ಲಿನಂತೆ ನಿಂತಿದ್ದ.

ರೈಲಿನಲ್ಲಿ ಇಡೀ ದಿನ ಸೂರ್ಯಕಾಂತಿ ಬೀಜ ಬಿಡಿಸಿ ತಿಂದರು. ಸುರಂಗವೊಂದು ದಾಟಿದ ಮೇಲೆ ಸೂಲಾನ್ ಕಿಟಕಿಯ ಕಡೆ ಮುಖ ಮಾಡಿ, “ಓಣೀಲಿ ಕೇಳಿದ್ರೆ, ಹೆದರಿದ್ದು ನೀನು ಅಂತ ಹೇಳ್ಬೇಕು” ಎಂದಳು.

ಅವನು ಯೋಚಿಸಿದ. “ಎಷ್ಟು ಹೆದರಿದೆ ಅನ್ಲಿ?”

“ನಿನ್ನಿಷ್ಟ.”

ಊರು ಮುಟ್ಟಿದ ಮಾರನೆಯ ಮಧ್ಯಾಹ್ನ ಟೀ ಅಂಗಡಿಯಲ್ಲಿ ಬಿದಿರಿನ ಕುರ್ಚಿಗಳನ್ನು ಎಳೆ ಎಳೆದು ಎಲ್ಲರೂ ಅವನ ಸುತ್ತ ಕೂತರು. ಹೌಶೆಂಗ್ ಮುಚ್ಚಳದಿಂದ ಟೀ ಎಲೆ ಸರಿಸಿ ಒಂದು ಗುಟುಕು ಕುಡಿದ.

“ವಿಮಾನ ಎದ್ದ ಕೂಡ್ಲೇ ನಾನು ಗುವಾನ್‌ಯಿನ್ ದೇವಿ ಹೆಸರು ಹೇಳೋಕೆ ಶುರು ಮಾಡ್ದೆ” ಎಂದ. “ಅರ್ಧ ದಾರೀಲಿ ಹೆಸರು ಮರೆತುಹೋಯ್ತು. ಆಮೇಲೆ ಬರೀ ಅಮ್ಮಾ ಅಮ್ಮಾ ಅಂತಿದ್ದೆ. ಟೀ ಕೊಡೋ ಹುಡುಗಿ, ನನ್ನನ್ನೇ ಕರೀತಿದ್ದಾರೆ ಅಂತ ಮೂರು ಸಲ ಬಂದ್ಲು. ಮೂರನೇ ಸಲ ಅವಳ ಕೈ ಹಿಡ್ಕೊಂಡು, ತಾಯಿ, ಮುಂದಿನ ಸ್ಟಾಪಲ್ಲಿ ಇಳಿಸ್ಬಿಡು ಅಂದೆ. ಕೆಳಗೆ ಬರೀ ಮೋಡ ಅಂದ್ಲು. ಪರವಾಗಿಲ್ಲ, ನಡ್ಕೊಂಡು ಹೋಗ್ತೀನಿ ಅಂದೆ.”

ಟಾನ್ ಮೇಜು ಗುದ್ದಿ ಗುದ್ದಿ ನಕ್ಕ. ಮಿಯಾವೋಳ ಚಿನ್ನದ ಹಲ್ಲು ಒಳಗೆ ಹೋಗಲೇ ಇಲ್ಲ. “ಸೂಲಾನ್ ಏನು ಮಾಡ್ತಿದ್ಲು?” ಎಂದು ವೆಯ್ ತಾತ ಕಣ್ಣೊರೆಸಿಕೊಂಡು ಕೇಳಿದ.

“ಅವಳಾ? ಆರಾಮಾಗಿ ನದಿ ನೋಡ್ತಿದ್ಲು. ದಾರದ ಹಾಗಿದೆ ಅಂದ್ಲು.”

ಸೂಲಾನ್ ಗಂಡನನ್ನು ದಿಟ್ಟಿಸಿದಳು. ಅವನ ಬಾಯಿಂದ ಒಂದೇ ಉಸಿರಿಗೆ ಇಷ್ಟು ಮಾತು ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ನಗು ಇಳಿದ ಮೇಲೆ ಅವನ ಕಡೆ ಕುರ್ಚಿ ಸರಿಸಿ, “ಇದನ್ನೆಲ್ಲ ಯಾವಾಗ ಕಲಿತೆ?” ಎಂದು ಪಿಸುಗುಟ್ಟಿದಳು.

ಹೌಶೆಂಗ್ ಉಳಿದ ಟೀ ಮುಗಿಸಿ, ಮುಚ್ಚಳವನ್ನು ಬಟ್ಟಲಿನ ಮೇಲೆ ಬೋರಲಿಟ್ಟು, ಪಂಕ್ಚರ್ ಹಾಕುವ ಕೆಲಸ ಬಾಕಿಯಿದೆ ಎಂದು ಎದ್ದು ಹೋದ.